ಕೂಲರ್ ಮುಟ್ಟಿದರೆ ‘ಜುಮ್’ ಅನ್ನುತ್ತಾ? ಮೊದಲು ಅರ್ಥ್ ಗುಂಡಿ ಹುಡುಕಿ

ರಾಯಚೂರಿನಲ್ಲಿ ಮೇ ತಿಂಗಳು ಅಂದರೆ ಕೂಲರ್ ತಿಂಗಳು. ಹೊರಗೆ 40 ಡಿಗ್ರಿ ದಾಟಿರುತ್ತದೆ, ಒಳಗೆ ತಗಡಿನ ಕೂಲರ್ ಗರ್ ಅನ್ನುತ್ತಿರುತ್ತದೆ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಕೂಲರ್‌ಗೆ ನೀರು ತುಂಬಲು ಹೋದ ನಮ್ಮ ಅತ್ತೆ ‘ಯವ್ವಾ’ ಅಂತ ಕೂಗಿ ಕೈ ಹಿಂದಕ್ಕೆ ಎಳೆದುಕೊಂಡರು. ಬರಿಗಾಲು, ಒದ್ದೆ ನೆಲ. ‘ಜುಮ್ ಅಂತದ, ಇರುವಿ ಕಡದಂಗ’ ಅಂದರು.

ಮೊದಲು ಬಂದ ಎಲೆಕ್ಟ್ರಿಷಿಯನ್ ಟೆಸ್ಟರ್ ಹಚ್ಚಿ ನೋಡಿ, ‘ಕೂಲರ್ ಅಂದಮ್ಯಾಲ ಅಷ್ಟು ಇರ್ತದರೀ. ಚಪ್ಪಲ್ ಹಾಕ್ಕೊಂಡು ಮುಟ್ರಿ’ ಅಂದು ನೂರು ರೂಪಾಯಿ ತಗೊಂಡು ಹೋದರು. ಎರಡನೆಯವರು ಸ್ವಲ್ಪ ಹೆಚ್ಚು ಉತ್ಸಾಹಿ. ಸಾಕೆಟ್ ಬಿಚ್ಚಿ, ‘ಅರ್ಥ್ ಬರ್ತಿಲ್ಲ, ನ್ಯೂಟ್ರಲ್‌ನಿಂದ ಒಂದು ಲೂಪ್ ಕೊಟ್ಟುಬಿಡ್ತೀನಿ, ಐದು ನಿಮಿಷದ ಕೆಲಸ’ ಅಂದರು. ನಾನು ಹೂಂ ಅನ್ನುವವಳಿದ್ದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು, ನಾಳೆ ಬರ್ತೀನಿ ಅಂತ ಹೋದವರು ಬರಲಿಲ್ಲ. ಅದು ನಮ್ಮ ಪುಣ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೂರನೆಯವನು ಆಶಾಪುರ ರಸ್ತೆ ಕಡೆಯ ಹುಡುಗ. ಐಟಿಐ ಮುಗಿಸಿ ನಾಲ್ಕೈದು ವರ್ಷ ಆಗಿತ್ತಂತೆ. ಕೂಲರ್ ಕಡೆ ನೋಡಲೂ ಇಲ್ಲ. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ ಕೇಳಿದ: ‘ಅಕ್ಕಾ, ಅರ್ಥ್ ಗುಂಡಿ ಎಲ್ಲಿ ಅದ?’

ಅರ್ಥ್ ವೈರ್ ಭೂಮಿಗೆ ಸೇರುವ ಆ ಗುಂಡಿ ಎಲ್ಲಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆ ಕಟ್ಟಿ 18 ವರ್ಷ ಆಗಿದೆ.

ಅವತ್ತಿನಿಂದ ನನಗೆ ಒಂದು ಅಳತೆಗೋಲು ಸಿಕ್ಕಿದೆ. ಎಲೆಕ್ಟ್ರಿಷಿಯನ್ ಒಳ್ಳೆಯವನೋ ಅಲ್ಲವೋ ಅಂತ ನೋಡಲು ಅವನ ಕೈಚಳಕ ನೋಡಬೇಕಿಲ್ಲ, ಅದು ನಮಗೆ ತಿಳಿಯುವುದೂ ಇಲ್ಲ. ಅವನು ಅರ್ಥ್ ಬಗ್ಗೆ ಕೇಳುತ್ತಾನಾ, ಇಲ್ವಾ? ಅಷ್ಟು ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ಆದರೆ ಅವನ ಉತ್ತರ ಅರ್ಥವಾಗಬೇಕಾದರೆ ನಮಗೂ ಸ್ವಲ್ಪ ತಿಳಿದಿರಬೇಕು. ಅದಕ್ಕೇ ಈ ಬರಹ.

ಮೂರು ವೈರಿನ ಕಥೆ

ಮನೆಗೆ ಬರುವ ಕರೆಂಟ್ 230 ವೋಲ್ಟ್. ಸಾಕೆಟ್‌ಗೆ ಮೂರು ವೈರು ಬಂದಿರುತ್ತವೆ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಗೋಡೆಯೊಳಗಿನ ವೈರಿಂಗ್‌ನಲ್ಲಿ ಕೆಂಪು ಬದಲು ಹಳದಿ ಅಥವಾ ನೀಲಿ ಕಂಡರೆ ಸಾಮಾನ್ಯವಾಗಿ ಅದೂ ಫೇಸೇ.

ಕರೆಂಟನ್ನು ನೀರಿಗೆ ಹೋಲಿಸುವುದು ಎಲ್ಲರಿಗೂ ರೂಢಿ. ತುಂಗಭದ್ರಾ ಎಡದಂಡೆ ಕಾಲುವೆ ಕಂಡ ನಮಗೆ ಆ ಹೋಲಿಕೆ ಒಂದು ವಿಷಯದಲ್ಲಿ ಚೆನ್ನಾಗಿ ಕೂರುತ್ತದೆ. ಕಾಲುವೆ ಮೇಲ್ಭಾಗದವರು ಜಾಸ್ತಿ ನೀರು ಎಳೆದುಕೊಂಡರೆ ಕೊನೆ ಭಾಗದ ರೈತರಿಗೆ ಏನೂ ಉಳಿಯುವುದಿಲ್ಲ, ಅಲ್ವಾ? ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ, ಸಣ್ಣ ವೈರಿನ ಮನೆಯಲ್ಲಿ ಸಂಜೆ ಫ್ಯಾನ್ ನಿಧಾನವಾಗುವುದು ಅದೇ ಕಾರಣಕ್ಕೆ. ದಾರಿ ಉದ್ದ, ಕಾಲುವೆ ಕಿರಿದು, ಎಳೆಯುವವರು ಜಾಸ್ತಿ. ವೋಲ್ಟೇಜ್ ಕೊನೆಗೆ ಬರುವಷ್ಟರಲ್ಲಿ ಇಳಿದಿರುತ್ತದೆ.

ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ನೀರು ಹೊಲದಲ್ಲಿ ಇಂಗಿ ಹೋಗುತ್ತದೆ. ಕರೆಂಟ್ ಹಾಗಲ್ಲ. ಫೇಸ್‌ನಲ್ಲಿ ಎಷ್ಟು ಬಂತೋ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕು. ಒಂದು ಚೂರೂ ಹೆಚ್ಚು ಕಡಿಮೆ ಆಗುವ ಹಾಗಿಲ್ಲ. ಕಡಿಮೆ ಆಯಿತು ಅಂದರೆ ಅದು ಬೇರೆ ದಾರಿ ಹಿಡಿದಿದೆ ಅಂತ. ಆ ಬೇರೆ ದಾರಿ ಗೋಡೆಯ ಹಸಿ ಇರಬಹುದು, ಅರ್ಥ್ ವೈರ್ ಇರಬಹುದು, ನಮ್ಮ ಅತ್ತೆಯ ಕೈಯೂ ಇರಬಹುದು.

ಮೂರನೆಯ ವೈರು, ಹಸಿರು, ದಿನನಿತ್ಯ ಏನೂ ಮಾಡುವುದಿಲ್ಲ. ಅದರಲ್ಲಿ ಕರೆಂಟೇ ಹರಿಯುವುದಿಲ್ಲ. ಫ್ರಿಜ್, ಕೂಲರ್, ಗೀಸರ್, ವಾಷಿಂಗ್ ಮಷಿನ್ ಇವುಗಳ ಲೋಹದ ಮೈಯಿಂದ ಹೊರಟು, ಮೇನ್ ಬೋರ್ಡ್ ಮುಟ್ಟಿ, ಹಿತ್ತಲಲ್ಲಿ ಹೂತಿರುವ ಪೈಪಿಗೋ ಪ್ಲೇಟಿಗೋ ಸೇರಿರುತ್ತದೆ. ಒಳಗೆ ಎಲ್ಲೋ ಫೇಸ್ ವೈರ್ ಸುಲಿದು ತಗಡಿಗೆ ತಾಗಿದರೆ ಆ ಕರೆಂಟಿಗೆ ಭೂಮಿಗೆ ಹೋಗಲು ಸುಲಭದ ದಾರಿ ಕೊಡುವುದೇ ಅದರ ಕೆಲಸ. ಮೂರು ಪಿನ್ನಿನ ಪ್ಲಗ್ ಕೈಯಲ್ಲಿ ಹಿಡಿದು ನೋಡಿ. ಮೇಲಿನ ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದ ಇರುತ್ತದೆ. ಹಾಕುವಾಗ ಅದೇ ಮೊದಲು ಮುಟ್ಟಬೇಕು, ತೆಗೆಯುವಾಗ ಅದೇ ಕೊನೆಗೆ ಬಿಡಬೇಕು ಅಂತ ಹಾಗೆ ಮಾಡಿದ್ದಾರೆ. ನಾವು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ಕೂರುವುದಿಲ್ಲ ಅಂತ ಅದನ್ನೇ ಕಟಿಂಗ್ ಪ್ಲೇಯರ್‌ನಲ್ಲಿ ಮುರಿಯುತ್ತೇವೆ.

ಎಂಸಿಬಿ ಯಾಕೆ ಬೀಳಲಿಲ್ಲ?

‘ಶಾಕ್ ಹೊಡೀತಿದ್ರೂ ಎಂಸಿಬಿ ಯಾಕೆ ಟ್ರಿಪ್ ಆಗ್ಲಿಲ್ಲ?’ ಅಂತ ನಾನು ಆ ಹುಡುಗನನ್ನು ಕೇಳಿದೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು, ಆ ಸಾಲಿನ ಕರೆಂಟ್ ಕಡಿಯುವ ಬೋರ್ಡಿನ ಸ್ವಿಚ್. ‘ಅದು ವೈರ್ ಉಳಿಸಾಕ ಇರೋದಕ್ಕಾ, ಮನುಷ್ಯಾರ್ನ ಉಳಿಸಾಕಲ್ಲ’ ಅಂದ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಲೆಕ್ಕ ಮಾತ್ರ ಹಾಕಿ ತೋರಿಸುತ್ತೇನೆ.

ಒದ್ದೆ ಕೈಕಾಲಿನ ಮನುಷ್ಯನ ಮೈ ಕರೆಂಟಿಗೆ ಕೊಡುವ ತಡೆ ಸುಮಾರು 1000 ಓಮ್ ಅಂದುಕೊಳ್ಳಿ. 230 ವೋಲ್ಟ್ ತಾಗಿದರೆ ಮೈಯೊಳಗೆ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಒಂದು ಮಿಲಿಆಂಪಿಯರ್‌ಗೆ ಜುಮ್ ಅನ್ನುತ್ತದೆ. ಹತ್ತರ ಆಸುಪಾಸಿನಲ್ಲಿ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ, ಸ್ನಾಯು ಬಿಗಿದುಕೊಳ್ಳುತ್ತದೆ. ಮೂವತ್ತು ದಾಟಿದರೆ ಉಸಿರಿಗೆ, ಎದೆಗೆ ಅಪಾಯ. ಕೂಲರ್ ಸಾಲಿನ ಎಂಸಿಬಿ ಮೇಲೆ ಬರೆದಿರುವುದು 16 ಆಂಪಿಯರ್, ಅಂದರೆ 16,000 ಮಿಲಿಆಂಪಿಯರ್. ಅದರ ಲೆಕ್ಕದಲ್ಲಿ 230 ಅನ್ನುವುದು ಎರಡು ಟ್ಯೂಬ್‌ಲೈಟ್ ಹತ್ತಿದ ಹಾಗೆ. ಅದಕ್ಕೆ ಗೊತ್ತೂ ಆಗುವುದಿಲ್ಲ.

ಅರ್ಥ್ ಚೆನ್ನಾಗಿದ್ದರೆ ಕಥೆಯೇ ಬೇರೆ. ಫೇಸ್ ತಗಡಿಗೆ ನೇರವಾಗಿ ತಾಗಿತು ಅಂದುಕೊಳ್ಳಿ. ಭೂಮಿಗೆ ಹೋಗುವ ದಾರಿಯ ತಡೆ 2 ಓಮ್ ಇದ್ದರೆ ಅದರಲ್ಲಿ 115 ಆಂಪಿಯರ್ ನುಗ್ಗುತ್ತದೆ, ಎಂಸಿಬಿ ಕ್ಷಣದಲ್ಲಿ ಬೀಳುತ್ತದೆ. ಗುಂಡಿ ಒಣಗಿ ತಡೆ 50 ಓಮ್ ಆಗಿದ್ದರೆ? ಹರಿಯುವುದು 4.6 ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ಯಾವತ್ತಿಗೂ ಬೀಳುವುದಿಲ್ಲ. ಕೂಲರ್ ಮೈ ಪೂರ್ತಿ ಕರೆಂಟ್ ಹೊತ್ತು ಸುಮ್ನೆ ಕೂತಿರುತ್ತದೆ, ಮುಟ್ಟುವವರಿಗೆ ಕಾಯುತ್ತಾ.

ಅದಕ್ಕೇ ಆರ್‌ಸಿಸಿಬಿ ಅನ್ನುವ ಇನ್ನೊಂದು ಡಬ್ಬಿ. ಕೆಲವರು ಹಳೆ ರೂಢಿಯಲ್ಲಿ ಇಎಲ್‌ಸಿಬಿ ಅನ್ನುತ್ತಾರೆ. ಇದು ಕರೆಂಟ್ ಎಷ್ಟು ಅಂತ ನೋಡುವುದಿಲ್ಲ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಮಾತ್ರ ನೋಡುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಿತ್ತೋ, ಟಕ್ ಅಂತ ಇಡೀ ಮನೆಯ ಕರೆಂಟ್ ಕಡಿದುಬಿಡುತ್ತದೆ. ಮನೆಗೆ ತರುವಾಗ ಅದರ ಮೇಲೆ ‘30 ಎಂಎ’ ಅಂತ ಇದೆಯಾ ನೋಡಿ. 100, 300 ಅಂತಲೂ ಸಿಗುತ್ತವೆ. ಅವು ಬೆಂಕಿ ತಡೆಯಲು ಸರಿ, ಮನುಷ್ಯನನ್ನು ಉಳಿಸಲು ಅಲ್ಲ.

ಆರ್‌ಸಿಸಿಬಿ ಮೇಲೆ ‘ಟಿ’ ಅಂತ ಬರೆದ ಸಣ್ಣ ಬಟನ್ ಇರುತ್ತದೆ. ಒತ್ತಿದರೆ ಬೀಳಬೇಕು. ಬೀಳದಿದ್ದರೆ ಅದು ಗೋಡೆ ಮೇಲಿನ ಅಲಂಕಾರ ಅಷ್ಟೇ. ತಿಂಗಳಿಗೊಮ್ಮೆ ಒತ್ತಿ ಅಂತ ಆ ಹುಡುಗ ಹೇಳಿದ. ಯಾರಿಗೆ ನೆನಪಿರುತ್ತದೆ? ನಮ್ಮ ಅತ್ತೆ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಮಾವಾಸ್ಯೆ ದಿನ ಸ್ಕೂಟರ್‌ಗೆ ನಿಂಬೆಹಣ್ಣು ಕಟ್ಟಿ, ಒಳಗೆ ಬಂದು ಬಟನ್ ಒತ್ತುತ್ತಾರೆ. ಟಿವಿ ನೋಡುತ್ತಿದ್ದವರು ಬೈದುಕೊಳ್ಳುತ್ತಾರೆ.

ಬಲ್ಬಿನ ಪರೀಕ್ಷೆ

ಮತ್ತೆ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಹುಡುಗ ಚೀಲದಿಂದ ಒಂದು ಹಳೆ 100 ವಾಟಿನ ಬಲ್ಬು, ಹೋಲ್ಡರ್, ಅದಕ್ಕೆ ಕಟ್ಟಿದ ಎರಡು ವೈರು ತೆಗೆದ. ‘ಎಲ್ಲಾರೂ ಫ್ರಿಜ್, ಕೂಲರ್ ಬಿಟ್ಟು ದೂರ ನಿಂದರ್ರಿ. ಅಮ್ಮಾ, ನೀವು ಮಂಚದ ಮ್ಯಾಲ ಕುಂದರ್ರಿ’ ಅಂದ. ಒಂದು ತುದಿ ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ಇಟ್ಟ. ಬಲ್ಬು ಝಗ್ ಅಂತ ಹತ್ತಿತು. ಆಮೇಲೆ ನ್ಯೂಟ್ರಲ್‌ನಿಂದ ತೆಗೆದು ಅರ್ಥ್ ತೂತಿಗೆ ಇಟ್ಟ. ಏನೂ ಇಲ್ಲ. ಬಲ್ಬಿನ ತಂತಿ ಕೆಂಪಗೂ ಆಗಲಿಲ್ಲ.

ದೂರ ನಿಲ್ಲಿ ಅಂದದ್ದು ಯಾಕೆ? ಅರ್ಥ್ ವೈರ್ ಎಲ್ಲೋ ತುಂಡಾಗಿದ್ದರೆ, ಈ ಪರೀಕ್ಷೆ ಮಾಡುವ ಹೊತ್ತಿನಲ್ಲಿ ಫೇಸ್ ಬಲ್ಬಿನ ಮೂಲಕ ಮನೆಯ ಎಲ್ಲ ಅರ್ಥ್ ವೈರಿಗೂ ಬಂದು ನಿಲ್ಲುತ್ತದೆ. ಫ್ರಿಜ್ ಹಿಡಿಕೆ ಮುಟ್ಟಿದವರಿಗೆ ಹೊಡೆಯುತ್ತದೆ. ಹಾಗಾಗಿ ಇದನ್ನು ಓದಿ ನೀವೇ ಬಲ್ಬು ಕಟ್ಟಿಕೊಂಡು ಕೂರಬೇಡಿ. ಮಾಡುವವನು ಹೇಗೆ ಮಾಡುತ್ತಾನೆ ಅಂತ ನೋಡಿ, ಸಾಕು. ಆರ್‌ಸಿಸಿಬಿ ಇರುವ ಮನೆಯಲ್ಲಾದರೆ ತುದಿ ಅರ್ಥ್‌ಗೆ ತಾಗಿದ ತಕ್ಷಣ ಅದು ಬೀಳುತ್ತದೆ. ಅದು ಒಳ್ಳೆಯ ಲಕ್ಷಣ.

ಇನ್ನೊಂದು ಮಾತು. ಬಲ್ಬು ಹತ್ತಿತು ಅಂದರೆ ಅರ್ಥ್ ಗಟ್ಟಿಯಾಗಿದೆ ಅಂತಲ್ಲ. 100 ವಾಟಿನ ಬಲ್ಬು ಎಳೆಯುವುದು ಅರ್ಧ ಆಂಪಿಯರ್‌ಗೂ ಕಡಿಮೆ. ಅಷ್ಟನ್ನು 50 ಓಮ್‌ನ ಕೆಟ್ಟ ಗುಂಡಿಯೂ ಸಾಗಿಸುತ್ತದೆ, ಬಲ್ಬು ಚೆನ್ನಾಗೇ ಕಾಣುತ್ತದೆ. ವೈರ್ ಪೂರ್ತಿ ತುಂಡಾಗಿದ್ದರೆ ಮಾತ್ರ ಬಲ್ಬು ಹೇಳುತ್ತದೆ. ನಿಜವಾಗಿ ಎಷ್ಟು ಓಮ್ ಅಂತ ತಿಳಿಯಲು ಅರ್ಥ್ ಟೆಸ್ಟರ್ ಬೇಕು. ಹಿತ್ತಲಲ್ಲಿ ಎರಡು ಮೊಳೆ ಹೊಡೆದು ಅಳೆಯುತ್ತಾರೆ. ಎಲ್ಲ ಎಲೆಕ್ಟ್ರಿಷಿಯನ್ ಹತ್ತಿರ ಇರುವುದಿಲ್ಲ. ಹೊಸ ಮನೆಗಾದರೆ ಕಾಂಟ್ರಾಕ್ಟರ್‌ಗೆ ಹೇಳಿ ಅಳೆಸಿ, ಅಂಕಿ ಬರೆಸಿಕೊಳ್ಳಿ.

ಗುಂಡಿ ಕೊನೆಗೂ ಸಿಕ್ಕಿತು. ಒಗೆಯುವ ಕಲ್ಲಿನ ಪಕ್ಕ, ಹಳೆ ಹೂಕುಂಡದ ಅಡಿಯಲ್ಲಿ. ಪೈಪಿನ ಕ್ಲ್ಯಾಂಪ್ ತುಕ್ಕು ತಿಂದು ಪುಡಿ ಪುಡಿ. ವೈರ್ ಪೈಪಿನಿಂದ ಒಂದು ಬೆರಳು ದೂರದಲ್ಲಿ ನಿಂತಿತ್ತು. ಎಷ್ಟು ವರ್ಷದಿಂದ ಹಾಗೇ ಇತ್ತೋ.

ಎರೆ ಮಣ್ಣು, ಒಣ ಗುಂಡಿ

ನಮ್ಮ ಭಾಗದಲ್ಲಿ ಅರ್ಥ್ ಕೆಡುವುದಕ್ಕೆ ನಮ್ಮ ಮಣ್ಣೂ ಒಂದು ಕಾರಣ. ಎರೆ ಮಣ್ಣು ಹಸಿ ಇದ್ದಾಗ ಕರೆಂಟಿಗೆ ಒಳ್ಳೆಯ ದಾರಿ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಎರೆ ಹೊಲದ ಬಿರುಕಿನಲ್ಲಿ ಕೈ ಹೋಗುವುದನ್ನು ನೋಡಿದ್ದೀರಲ್ಲ. ಪೈಪಿನ ಸುತ್ತಲೂ ಹಾಗೇ ಆಗುತ್ತದೆ, ಮಣ್ಣು ಪೈಪನ್ನು ಬಿಟ್ಟು ದೂರ ಸರಿಯುತ್ತದೆ. ಕೆಂಪು ಮಸಾರಿ, ಗರಸಿನ ಮರಂ ಇರುವಲ್ಲಿ ಇನ್ನೊಂದು ತೊಂದರೆ, ನೀರು ನಿಲ್ಲುವುದಿಲ್ಲ. ಕೊಪ್ಪಳ, ಗಂಗಾವತಿ ಕಡೆ ಬಂಡೆ ಮೇಲೆ ಕಟ್ಟಿದ ಮನೆಗಳಲ್ಲಿ ಆಳಕ್ಕೆ ಹೋಗುವುದೇ ಕಷ್ಟ. ಅಂಥಲ್ಲಿ ಒಂದು ಗುಂಡಿ ಸಾಲದೆ ದೂರ ದೂರ ಎರಡು ಗುಂಡಿ ಮಾಡಿ ಜೋಡಿಸಬೇಕಾಗುತ್ತದೆ.

ಹಳೆ ಪದ್ಧತಿಯ ಗುಂಡಿ ಅಂದರೆ ಸುಮಾರು ಎರಡೂವರೆ ಮೀಟರ್ ಉದ್ದದ, ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪು, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ, ಮೇಲೆ ನೀರು ಹಾಕಲು ಬಾಯಿ, ಅದಕ್ಕೊಂದು ಮುಚ್ಚಳ. ಇದ್ದಿಲು ತೇವ ಹಿಡಿದಿಡುತ್ತದೆ. ಉಪ್ಪು ತಡೆ ಇಳಿಸುತ್ತದೆ, ಆದರೆ ಪೈಪನ್ನೂ ತಿನ್ನುತ್ತದೆ. ಈಗ ಪುಡಿ ತುಂಬಿದ ‘ಕೆಮಿಕಲ್ ಅರ್ಥಿಂಗ್’ ಬಂದಿದೆ. ಅದು ಚೆನ್ನಾಗಿದೆ, ಆದರೆ ಅದಕ್ಕೂ ತೇವ ಬೇಕು. ‘ಹಾಕಿ ಮರೆತುಬಿಡ್ರಿ’ ಅನ್ನುವ ಅಂಗಡಿಯವರ ಮಾತು ಪೂರ್ತಿ ನಂಬಬೇಡಿ.

ಮಾಡಬೇಕಾದದ್ದು ತುಂಬಾ ಸಣ್ಣದು. ಯುಗಾದಿಯಿಂದ ಮುಂಗಾರು ಬರುವ ತನಕ ವಾರಕ್ಕೆ ಒಂದೆರಡು ಕೊಡ ನೀರು. ನಾವು ಎಸಿಯ ನೀರು ಬೀಳುವ ಪೈಪನ್ನೇ ಆ ಗುಂಡಿಗೆ ತಿರುಗಿಸಿದ್ದೇವೆ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಕ್ಲ್ಯಾಂಪಿನ ನಟ್ ಬೋಲ್ಟು ನೋಡಿಸಿ. ಅಷ್ಟೇ.

ಈಗ ಆ ಎರಡನೆಯವರ ‘ಐದು ನಿಮಿಷದ ಲೂಪ್’ ವಿಷಯ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕುವುದು. ಹಾಕಿದ ದಿನ ಎಲ್ಲವೂ ಸರಿ ಕಾಣುತ್ತದೆ. ಜುಮ್ ಅನ್ನುವುದೂ ನಿಲ್ಲುತ್ತದೆ, ಬಲ್ಬಿನ ಪರೀಕ್ಷೆಯಲ್ಲೂ ಬಲ್ಬು ಹತ್ತುತ್ತದೆ. ಆದರೆ ಮುಂದೆ ಯಾವತ್ತೋ ಆ ಸಾಲಿನ ನ್ಯೂಟ್ರಲ್ ಎಲ್ಲಾದರೂ ಕಡಿದರೆ, ಫೇಸ್ ಫ್ರಿಜ್ಜಿನ ಮೋಟರ್ ಮೂಲಕ ಬಂದು, ಆ ಲೂಪಿನ ಮೂಲಕ ಫ್ರಿಜ್ಜಿನ ಮೈಗೇ ಬರುತ್ತದೆ. ಯಾವ ಯಂತ್ರವೂ ಕೆಟ್ಟಿರುವುದಿಲ್ಲ, ಆದರೂ ಸಾಯಿಸುವಷ್ಟು ಕರೆಂಟ್. ಈ ಕೆಲಸ ಮಾಡಲು ಹೊರಟವರಿಗೆ ಚಹಾ ಕೊಟ್ಟು ಕಳಿಸಿಬಿಡಿ.

ಬೇಸಿಗೆಯಲ್ಲಿ ಟ್ರಿಪ್, ‘ದೊಡ್ಡದು ಹಾಕಿಬಿಡಿ’

ಅರ್ಥ್ ಬಿಟ್ಟರೆ ಎಲೆಕ್ಟ್ರಿಷಿಯನ್‌ನನ್ನು ಅಳೆಯಲು ಎರಡನೆಯ ಜಾಗ ಇದು. ಏಪ್ರಿಲ್ ಬಂತೆಂದರೆ ಎಂಸಿಬಿ ಪದೇ ಪದೇ ಬೀಳುತ್ತದೆ. ಎಸಿ, ಕೂಲರ್, ಫ್ರಿಜ್ ಎಲ್ಲ ಒಟ್ಟಿಗೆ ಓಡುವುದು ಒಂದು ಕಾರಣ. ಇನ್ನೊಂದು ಕಾರಣ ಕಡಿಮೆ ಜನಕ್ಕೆ ಗೊತ್ತು. ಎಂಸಿಬಿಯ ಅಳತೆ ಇಟ್ಟಿರುವುದು 30 ಡಿಗ್ರಿ ಶಾಖಕ್ಕೆ. ಅದರೊಳಗೆ ಬಿಸಿಯಾದರೆ ಬಾಗುವ ಒಂದು ಲೋಹದ ಪಟ್ಟಿ ಇದೆ. ಪಡಸಾಲೆಯ ಪಡುವಣ ಗೋಡೆಗೆ, ಬಿಸಿಲು ಬೀಳುವಲ್ಲಿ ಬೋರ್ಡ್ ಇದ್ದರೆ ಡಬ್ಬಿಯ ಒಳಗೆ 50 ಡಿಗ್ರಿ ಆಗುವುದು ದೊಡ್ಡದಲ್ಲ. ಪಟ್ಟಿ ಅರ್ಧ ಬಾಗಿಯೇ ಇರುತ್ತದೆ, ಸ್ವಲ್ಪ ಕರೆಂಟ್ ಜಾಸ್ತಿಯಾದರೂ ಬೀಳುತ್ತದೆ.

ಇದಕ್ಕೆ ಸುಲಭದ ಉಪಾಯ ಅಂತ 16 ತೆಗೆದು 32 ಹಾಕುತ್ತಾರೆ. ಬೀಳುವುದು ನಿಲ್ಲುತ್ತದೆ, ನಾವೂ ಖುಷಿ. ಗೋಡೆಯೊಳಗಿನ ವೈರ್ ಮಾತ್ರ ಅದೇ ಹಳೆಯದು. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್ ಪೈಪಿನೊಳಗೆ ಸುಮಾರು 15 ಆಂಪಿಯರ್ ತಾಳುತ್ತದೆ, ಎರಡೂವರೆಯದು ಸುಮಾರು 20. ಅದರಲ್ಲಿ 28 ಆಂಪಿಯರ್ ಹರಿದರೂ 32ರ ಎಂಸಿಬಿ ಸುಮ್ನೆ ಇರುತ್ತದೆ. ಬಿಸಿಯಾಗುವುದು ವೈರು, ಕರಗುವುದು ಅದರ ಮೇಲಿನ ಪ್ಲಾಸ್ಟಿಕ್ಕು. ಹಾಗಾಗಿ ‘ಎಂಸಿಬಿ ಬದಲಿಸ್ತೀನಿ’ ಅಂದವರನ್ನು ಕೇಳಬೇಕಾದ್ದು ಒಂದೇ: ‘ವೈರ್ ಎಷ್ಟರದ್ದು ಅದ, ನೋಡಿದ್ರ್ಯಾ?’

ಲೋಡ್ ಲೆಕ್ಕ ನಾವೇ ಹಾಕಬಹುದು. ವಾಟ್ ಅನ್ನು 230ರಿಂದ ಭಾಗಿಸಿ, ಆಂಪಿಯರ್ ಬರುತ್ತದೆ. 2000 ವಾಟಿನ ಗೀಸರ್ ಸುಮಾರು 9. 1000 ವಾಟಿನ ಇಸ್ತ್ರಿ ಪೆಟ್ಟಿಗೆ 4ಕ್ಕಿಂತ ಸ್ವಲ್ಪ ಜಾಸ್ತಿ. ಒಂದೂವರೆ ಟನ್ನಿನ ಎಸಿ 7–8. ಕೂಲರ್ ಒಂದೂ ಇಲ್ಲ. ಗೀಸರ್‌ಗೂ ಎಸಿಗೂ ಬೋರ್ಡ್‌ನಿಂದ ಬೇರೆ ಬೇರೆ ಸಾಲೇ ಬರಬೇಕು. ಬೋರಿನ ಮೋಟರ್ ಇದ್ದರೆ ಅದೂ ಬೇರೆ. ಮೋಟರ್ ಶುರುವಾಗುವ ಹೊತ್ತಿಗೆ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಎಳೆಯುತ್ತದೆ. ಮನೆಯ ದೀಪ ಒಂದು ಕ್ಷಣ ಮಂಕಾಗುವುದು ಅದಕ್ಕೇ.

ಸಡಿಲ ಸ್ಕ್ರೂ ಇನ್ನೊಂದು ಸದ್ದಿಲ್ಲದ ಪೀಡೆ. ಸ್ವಿಚ್ಚಿನ ಹಿಂದೆ ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್ ತಡೆ ಬಂತು ಅಂದುಕೊಳ್ಳಿ. ಗೀಸರ್‌ನ 9 ಆಂಪಿಯರ್ ಅದರ ಮೂಲಕ ಹಾದರೆ ಹುಟ್ಟುವ ಬಿಸಿ 40 ವಾಟ್. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವಾಟಿನದು. ಅಂಥದ್ದು ಒಂದೂವರೆ ಕಡ್ಡಿ ಸ್ವಿಚ್ಚಿನ ಹಿಂದೆ ಪ್ಲಾಸ್ಟಿಕ್ ಒಳಗೆ ಉರಿಯುತ್ತಿದೆ ಅಂತ ಅರ್ಥ. ಎಂಸಿಬಿ ಇದನ್ನು ಹಿಡಿಯುವುದಿಲ್ಲ, ಆರ್‌ಸಿಸಿಬಿಯೂ ಹಿಡಿಯುವುದಿಲ್ಲ. ಹಿಡಿಯುವುದು ನಮ್ಮ ಮೂಗು, ಕಣ್ಣು. ಮೀನು ಸುಟ್ಟ ಹಾಗೆ ವಾಸನೆ, ಸ್ವಿಚ್ ಸುತ್ತ ಹಳದಿ ಕಲೆ, ಚಿರ್ ಅನ್ನುವ ಸದ್ದು. ಇದರಲ್ಲಿ ಒಂದು ಕಂಡರೂ ಆ ಸಾಲು ಆಫ್ ಮಾಡಿ ಕರೆಸಿ. ಬಂದವನು ಕಪ್ಪಾದ ವೈರಿನ ತುದಿ ಕತ್ತರಿಸಿ ಹೊಸದಾಗಿ ಸುಲಿದು ಬಿಗಿಯಬೇಕು. ಅದೇ ಸುಟ್ಟ ತುದಿಗೆ ಹೊಸ ಸ್ವಿಚ್ ಹಾಕಿದರೆ ಆರು ತಿಂಗಳಿಗೆ ಮತ್ತೆ ಅದೇ ಕಥೆ.

ಕಂಬದ ಕಡೆಯ ತೊಂದರೆ

ರಾಯಚೂರಿನ ಪಕ್ಕದ ಶಕ್ತಿನಗರದಲ್ಲಿ 1985ರಿಂದ ಕರೆಂಟ್ ತಯಾರಾಗುತ್ತಿದೆ, ಬಳ್ಳಾರಿ ಬಳಿಯ ಕುಡತಿನಿಯಲ್ಲೂ ಆಗುತ್ತದೆ. ರಾಜ್ಯಕ್ಕೆಲ್ಲ ಕರೆಂಟ್ ಕೊಡುವ ಊರಿನವರು ಅಂತ ನಮಗೊಂದು ಸಣ್ಣ ಜಂಬ. ಆದರೆ ಚಿಮಣಿ ಹತ್ತಿರ ಇದ್ದರೂ ನಮ್ಮ ಓಣಿಯ ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಟಿವಿ ಸುಡುವುದು ತಪ್ಪುವುದಿಲ್ಲ.

ಇದು ಹೇಗಾಗುತ್ತದೆ? ಟ್ರಾನ್ಸ್‌ಫಾರ್ಮರ್‌ನಿಂದ ಮೂರು ಫೇಸ್ ಬರುತ್ತವೆ, ಓಣಿಯ ಮನೆಗಳನ್ನು ಅವುಗಳಿಗೆ ಹಂಚಿರುತ್ತಾರೆ, ನ್ಯೂಟ್ರಲ್ ಎಲ್ಲರಿಗೂ ಒಂದೇ. ಮೂರು ಜನ ಮೂರು ದಿಕ್ಕಿನಿಂದ ಹಗ್ಗ ಎಳೆಯುತ್ತಿದ್ದಾರೆ, ಹಗ್ಗಗಳ ಗಂಟು ನಡುವಿನ ಗೂಟಕ್ಕೆ ಕಟ್ಟಿದೆ ಅಂದುಕೊಳ್ಳಿ. ಗೂಟ ಇರುವ ತನಕ ಮೂರೂ ಹಗ್ಗ ಒಂದೇ ಉದ್ದ. ಗೂಟ ಕಿತ್ತು ಬಂದರೆ ಗಂಟು ಜೋರಾಗಿ ಎಳೆಯುವವನ ಕಡೆ ಜಾರುತ್ತದೆ. ಅವನ ಹಗ್ಗ ಗಿಡ್ಡ, ಉಳಿದವರದು ಉದ್ದ. ಹಗ್ಗದ ಉದ್ದವೇ ವೋಲ್ಟೇಜ್, ಗೂಟವೇ ನ್ಯೂಟ್ರಲ್. ಎಸಿ, ಗೀಸರ್ ಹಾಕಿಕೊಂಡವರ ಮನೆಯಲ್ಲಿ ವೋಲ್ಟೇಜ್ ಬೀಳುತ್ತದೆ. ಒಂದು ಟಿವಿ, ಎರಡು ದೀಪ ಹಾಕಿಕೊಂಡ ಪಾಪದವರ ಮನೆಗೆ 300, 350 ವೋಲ್ಟ್ ನುಗ್ಗುತ್ತದೆ.

ದೀಪಗಳು ಇದ್ದಕ್ಕಿದ್ದಂತೆ ಜಾಸ್ತಿ ಬೆಳಗಿದರೆ, ಫ್ಯಾನ್ ಗಾಳಿ ಜೋರಾದರೆ, ಯೋಚನೆ ಮಾಡುತ್ತಾ ನಿಲ್ಲಬೇಡಿ. ಮೇನ್ ಇಳಿಸಿ, ಆಮೇಲೆ ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿ. ಮೇನ್ ಹತ್ತಿರ ವೋಲ್ಟೇಜ್ ಏರಿಳಿದರೆ ಕಡಿಯುವ ಒಂದು ಪ್ರೊಟೆಕ್ಟರ್ ಹಾಕಿಸಬಹುದು. ಸುಟ್ಟ ಟಿವಿಯ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ.

ಒಂದು ಗೆರೆ ನೆನಪಿಟ್ಟುಕೊಳ್ಳಿ. ಕಂಬದಿಂದ ಮೀಟರ್ ತನಕ ನಮ್ಮ ಭಾಗಕ್ಕೆ ಕರೆಂಟ್ ಹಂಚುವ ಕಂಪನಿ ಜೆಸ್ಕಾಂನದು. ಮೀಟರ್ ಆದಮೇಲೆ ನಮ್ಮದು. ಕಂಬದ ಕೆಲಸಕ್ಕೆ ಲೈನ್‌ಮನ್, ಮನೆಯೊಳಗಿನ ಕೆಲಸಕ್ಕೆ ಎಲೆಕ್ಟ್ರಿಷಿಯನ್. ‘ಕಂಬಕ್ಕೂ ನಾನೇ ಹತ್ತಿ ಹಾಕ್ತೀನಿ’ ಅನ್ನುವ ಧೈರ್ಯಸ್ಥರು ಸಿಗುತ್ತಾರೆ. ಬೇಡ. ಮೀಟರಿನ ಸೀಲ್ ಮುಟ್ಟುವುದಂತೂ ಬೇಡವೇ ಬೇಡ.

ಮೀಟರ್ ಅಂದ ಕೂಡಲೇ ಇನ್ನೊಂದು ನೆನಪಾಯಿತು. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಬಹಳ ಮನೆಗಳಲ್ಲಿ ಬಿಲ್ ಸೊನ್ನೆ. ಒಳ್ಳೆಯದೇ. ಆದರೆ ಬಿಲ್ ನೋಡುವ ಅಭ್ಯಾಸವೇ ತಪ್ಪಿಹೋಗಿದೆ. ಮೊದಲು ಯೂನಿಟ್ ಜಾಸ್ತಿ ಬಂದರೆ ‘ಎಲ್ಲೋ ಲೀಕ್ ಅದ’ ಅಂತ ಹಿರಿಯರು ಗುರುತಿಸುತ್ತಿದ್ದರು. ಈಗಲೂ ಸುಲಭ ಇದೆ. ಮನೆಯ ಸ್ವಿಚ್ಚೆಲ್ಲ ಆಫ್ ಮಾಡಿ, ಪ್ಲಗ್ಗೆಲ್ಲ ಕಿತ್ತು, ಮೀಟರ್ ಮೇಲಿನ ಕೆಂಪು ದೀಪ ಹತ್ತು ನಿಮಿಷ ನೋಡಿ. ಮಿನುಗುತ್ತಲೇ ಇದ್ದರೆ ಎಲ್ಲೋ ಹರಿಯುತ್ತಿದೆ ಅಂತ. ಇನ್ವರ್ಟರ್ ಆಫ್ ಮಾಡಲು ಮರೆತು ಗಾಬರಿಯಾಗಬೇಡಿ, ನಾನು ಆಗಿದ್ದೆ.

ಕರೆಸುವುದು, ಮಾತಾಡುವುದು, ದುಡ್ಡು

ಫ್ಯಾನ್ ರೆಗ್ಯುಲೇಟರ್ ಬದಲಿಸಲು ಪಕ್ಕದ ಓಣಿಯ ಯಾರಾದರೂ ಆಗುತ್ತಾರೆ. ಹೊಸ ವೈರಿಂಗ್, ಮೇನ್ ಬೋರ್ಡ್, ಲೋಡ್ ಏರಿಸುವುದು ಇಂಥದ್ದಕ್ಕೆ ಮಾತ್ರ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಬೇಕು. ಲೈಸೆನ್ಸ್, ವೈರ್‌ಮನ್ ಪರ್ಮಿಟ್ ಕೊಡುವುದು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಹೊಸ ಮೀಟರ್ ಬೇಕಾದಾಗ ವೈರಿಂಗ್ ಸರಿಯಾಗಿದೆ ಅಂತ ಆ ಕಾಂಟ್ರಾಕ್ಟರ್ ಸಹಿ ಬೇಕಾಗುತ್ತದೆ. ಇಲ್ಲಿ ಒಂದು ರೂಢಿ ಇದೆ: ಕೆಲಸ ಒಬ್ಬ ಮಾಡುತ್ತಾನೆ, ಸಹಿ ಇನ್ನೊಬ್ಬರು ಹಾಕುತ್ತಾರೆ, ಮನೆ ನೋಡಿರುವುದೇ ಇಲ್ಲ. ಸಹಿ ಹಾಕುವವರು ಒಂದು ಸಲ ಬಂದು ನೋಡಲಿ ಅಂತ ಕೇಳುವುದು ನಮ್ಮ ಹಕ್ಕು.

ವೈರಿಂಗ್ ದುಡ್ಡು ಸಾಮಾನ್ಯವಾಗಿ ಪಾಯಿಂಟ್ ಲೆಕ್ಕ. ಜಗಳ ಹುಟ್ಟುವುದು ದರದಲ್ಲಲ್ಲ, ಪಾಯಿಂಟ್ ಅಂದರೆ ಏನು ಅನ್ನುವುದರಲ್ಲಿ. ಟೂ ವೇ ಸ್ವಿಚ್ ಒಂದು ಪಾಯಿಂಟೋ ಎರಡೋ? ಗೋಡೆ ಕೊರೆಯುವುದು, ಮತ್ತೆ ಮೆತ್ತುವುದು ಅದರಲ್ಲಿ ಸೇರಿದೆಯಾ? ಅರ್ಥ್ ಗುಂಡಿ ಬೇರೆ ದುಡ್ಡಾ? ಶುರುವಿಗೇ ಒಂದು ಹಾಳೆಯಲ್ಲಿ ಬರೆದುಕೊಂಡರೆ ಕೊನೆಗೆ ಮುಖ ಕೆಡುವುದಿಲ್ಲ. ‘ಮಟೀರಿಯಲ್ ನಿಮ್ದೋ ನಮ್ದೋ’ ಅಂತ ಅವರು ಕೇಳುತ್ತಾರೆ. ನನ್ನ ಅನುಭವದಲ್ಲಿ ನಾವೇ ಅವರ ಜೊತೆ ಅಂಗಡಿಗೆ ಹೋಗುವುದು ವಾಸಿ. ವೈರಿನ ಸುರುಳಿ ಮೇಲೆ ಐಎಸ್‌ಐ ಗುರುತು, ಎಷ್ಟು ಸ್ಕ್ವೇರ್ ಎಂಎಂ, 90 ಮೀಟರ್ ಇದೆಯಾ ಅಂತ ನೋಡಿ. ಹಸಿರು ವೈರನ್ನು ‘ಅದೇನ್ ಕರೆಂಟ್ ಹೋಗಲ್ಲಲ್ರೀ’ ಅಂತ ತೆಳ್ಳಗಿನದು ಕೊಡಿಸಲು ನೋಡುತ್ತಾರೆ. ಅಲ್ಲಿ ಗಟ್ಟಿಯಾಗಿ ನಿಲ್ಲಿ.

ಕೆಲಸದ ಹೊತ್ತಿಗೆ ಎರಡು ಸಂಗತಿ ಗಮನಿಸಿ. ಬೋರ್ಡ್ ಬಿಚ್ಚುವ ಮೊದಲು ಮೇನ್ ಇಳಿಸುತ್ತಾನಾ? ಇಳಿಸಿದ ಮೇಲೂ ಟೆಸ್ಟರ್ ಹಚ್ಚಿ ನೋಡುತ್ತಾನಾ? ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸಿದರೂ ದೀಪದ ಸಾಲಿನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಅವನು ಮರೆತರೆ ನೀವೇ ‘ಅಣ್ಣಾ, ಇನ್ವರ್ಟರ್ ಅದ ನೋಡ್ರಿ’ ಅನ್ನಿ. ಮುಗಿದ ಮೇಲೆ ಬೋರ್ಡ್‌ನ ಪ್ರತಿ ಎಂಸಿಬಿ ಕೆಳಗೆ ಯಾವ ಕೋಣೆ ಅಂತ ಬರೆಸಿ.

ನಮ್ಮ ಮನೆಯಲ್ಲಿ ಆ ಹುಡುಗ ಕ್ಲ್ಯಾಂಪ್ ಬದಲಿಸಿ, ಹೊಸ ವೈರ್ ಎಳೆದು, ಆರ್‌ಸಿಸಿಬಿ ಕೂರಿಸಿದ. ಕೂಲರ್ ಹಾಕಿದ ಕೂಡಲೇ ಆರ್‌ಸಿಸಿಬಿ ಟಕ್ ಅಂತ ಬಿತ್ತು. ‘ಈಗ ಸಿಕ್ತು ನೋಡ್ರಿ ಕಳ್ಳ’ ಅಂತ ನಕ್ಕ. ಕೂಲರ್‌ನ ನೀರಿನ ಪಂಪ್ ಒಳಗೆ ತೇವ ಹೋಗಿ ಲೀಕ್ ಆಗುತ್ತಿತ್ತು. ಪಂಪ್ ಬದಲಾಯಿತು. ಎರಡು ತಪ್ಪು ಒಟ್ಟಿಗೆ ಸೇರಿದ್ದವು ಅಷ್ಟೇ: ಕೆಟ್ಟ ಪಂಪು, ಕಡಿದ ಅರ್ಥ್.

ಹೋಗುವಾಗ ಹಿತ್ತಲಿನ ಬಟ್ಟೆ ಒಣಗಿಸುವ ತಂತಿ ತೋರಿಸಿ ಬೈದು ಹೋದ. ಕಬ್ಬಿಣದ ತಂತಿಯ ಒಂದು ತುದಿಯನ್ನು ನಾವು ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಕಟ್ಟಿದ ಪೈಪಿಗೇ ಬಿಗಿದಿದ್ದೆವು. ಆ ವೈರ್ ಬಿಸಿಲಿಗೆ ಸೀಳಿ ಪೈಪಿಗೆ ತಾಗಿದರೆ ಒದ್ದೆ ಬಟ್ಟೆ ಹಾಕುವವರ ಗತಿ ಏನು? ತಗಡಿನ ಶೆಡ್ಡಿನ ಮೇಲೆ ವೈರ್ ಎಳೆದವರಿಗೂ ಇದೇ ಮಾತು, ಅಲ್ಲಿ ಇಡೀ ಮಾಡೇ ಕರೆಂಟಾಗುತ್ತದೆ. ಈಗ ನಮ್ಮಲ್ಲಿ ನೈಲಾನ್ ಹಗ್ಗ.

ಯಾರಾದರೂ ಕರೆಂಟಿಗೆ ಸಿಕ್ಕಿಕೊಂಡರೆ ಅವರನ್ನು ಹಿಡಿದು ಎಳೆಯಬಾರದು, ಎಳೆದವರೂ ಸಿಕ್ಕಿಕೊಳ್ಳುತ್ತಾರೆ. ಮೊದಲು ಮೇನ್ ಇಳಿಸಬೇಕು. ಅದು ಆಗದಿದ್ದರೆ ಒಣಗಿದ ಕಟ್ಟಿಗೆಯಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ದೂಡಿ ಬಿಡಿಸಬೇಕು, ಆಮೇಲೆ 108. ಇದನ್ನೆಲ್ಲ ಆ ಹುಡುಗ ಹೇಳುತ್ತಿದ್ದಾಗ ನನ್ನ ಮಗಳು ‘ಮೇನ್ ಎಲ್ಲದ?’ ಅಂತ ಕೇಳಿದಳು. ಅದು ಪಡಸಾಲೆಯ ಬಾಗಿಲ ಹಿಂದೆ, ದೊಡ್ಡ ಕ್ಯಾಲೆಂಡರ್ ಅಡಿಯಲ್ಲಿ ಮುಚ್ಚಿಹೋಗಿತ್ತು. ಬೋರ್ಡ್ ಚಂದ ಕಾಣುವುದಿಲ್ಲ ಅಂತ ನಾನೇ ಅಲ್ಲಿ ನೇತುಹಾಕಿದ್ದೆ. ಕ್ಯಾಲೆಂಡರ್ ಈಗ ಅಡುಗೆಮನೆಗೆ ಹೋಗಿದೆ.